ಯಾರ ಒತ್ತಾಯವೂ ಇಲ್ಲ

ಮೇ 6

ವೈದ್ಯರು ಬರೆದಿಡಲು ಹೇಳಿದ ಪುಸ್ತಕ ಬೇರೆ ಇದೆ. ಇವರು ಎಷ್ಟು ನಿದ್ದೆ ಮಾಡಿದರು, ಏನು ಮರೆತರು ಎಂಬುದೆಲ್ಲ ಅದರಲ್ಲಿರುತ್ತದೆ. ಅದನ್ನು ಇವರೂ ಓದುತ್ತಾರೆ, ಓದಿ ಕೆಳಗೆ ‘ಇದು ಸುಳ್ಳು’ ಎಂದು ಷರಾ ಬರೆಯುತ್ತಾರೆ. ಇದು ನನ್ನದು. ಇಲ್ಲಿ ಯಾರ ಷರಾವೂ ಬೇಡ.

ಇವತ್ತು ಟೆನ್ಷನ್‌ಬೇಡಪ್ಪ ಬಂದಿದ್ದ. ಒಂದು ಬ್ಯಾಂಕಿನ ಸಾಲವನ್ನು ಇನ್ನೊಂದು ಬ್ಯಾಂಕಿಗೆ ಸಾಗಿಸಿ ನಡುವೆ ಕಮಿಷನ್ ತಿನ್ನುವುದು ಅವನ ಕಸುಬು. ಮಾತಿಗೊಮ್ಮೆ “ಟೆನ್ಷನ್ ತಗೋಬೇಡಿ ಮೇಡಂ” ಎನ್ನುವುದರಿಂದ ಇವರು ಇಟ್ಟ ಹೆಸರು. ಇಟ್ಟ ಹೆಸರನ್ನು ಇವರಿನ್ನೂ ಮರೆತಿಲ್ಲ, ಅದೇ ಒಂದು ಸಮಾಧಾನ.

ವಿಷಯ ಇಷ್ಟು. ಈ ಮನೆಗೆ ಸಾಲ ತೆಗೆದಾಗ ಐದು ವರ್ಷ ಬಡ್ಡಿ ಏರಿಸುವುದಿಲ್ಲ ಎಂದು ಬ್ಯಾಂಕು ಮಾತು ಕೊಟ್ಟಿತ್ತು, ಐದು ವರ್ಷ ಬಿಟ್ಟು ಹೋಗುವುದಿಲ್ಲ ಎಂದು ನಾವು ಮಾತು ಕೊಟ್ಟಿದ್ದೆವು. ಆಗಸ್ಟ್ ಕೊನೆಗೆ ಎರಡೂ ಮಾತು ಮುಗಿಯುತ್ತವೆ. ಆಮೇಲೆ ಬಡ್ಡಿ ಜಿಗಿಯುತ್ತದೆ. ಇವರ ಸಂಬಳ ಜನವರಿಗೇ ನಿಂತಿರುವುದರಿಂದ ಆ ಕಂತು ನನ್ನೊಬ್ಬಳ ಕೈಲಿ ಆಗದ ಮಾತು. ಹೊಸ ಬ್ಯಾಂಕೊಂದು ಕಡಿಮೆ ಬಡ್ಡಿಗೆ, ಹೆಚ್ಚು ವರ್ಷಕ್ಕೆ ಸಾಲವನ್ನು ವರ್ಗ ಮಾಡಿಕೊಳ್ಳಲು ತಯಾರಿದೆ. ಈಗಲೇ ಹೋದರೆ ಅವಧಿಗೆ ಮುಂಚೆ ತೀರಿಸಿದ್ದಕ್ಕೆ ಹಳೆಯ ಬ್ಯಾಂಕಿಗೆ ದಂಡ ಕಟ್ಟಬೇಕು, ಹತ್ತಿರ ಹತ್ತಿರ ನನ್ನ ಅರ್ಧ ವರ್ಷದ ಸಂಬಳ. ಸೆಪ್ಟೆಂಬರ್‌ವರೆಗೆ ಕಾದರೆ ಏನೂ ಇಲ್ಲ.

“ಈಗ್ಲೇ ದಂಡ ಕಟ್ಟಿ ಹೋಗ್ತೀರೋ, ಕಾಯ್ತೀರೋ?” ಎಂದು ಅವನು ಕೇಳಿದ.

ನಾನು ಬಾಯಿ ತೆಗೆಯುವ ಮೊದಲೇ ಇವರು ಸೋಫಾದಿಂದ, “ದಂಡ ಕಟ್ಟೋದಾ? ನಾವಾ?” ಎಂದು ನಕ್ಕರು. ನನಗೂ ನಗು ಬಂತು. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ನಾವು ದಂಡ ಎಂಬುದನ್ನು ಕಟ್ಟಿದವರೇ ಅಲ್ಲ. ವಿದ್ಯುತ್ ಬಿಲ್ಲಿಗಿಲ್ಲ, ಪಾರ್ಕಿಂಗಿಗಿಲ್ಲ. ಒಂದು ಸಲ ಲೈಬ್ರರಿ ಪುಸ್ತಕದ ಗಡುವು ಮುಗಿಯುವ ದಿನ ಇವರಿಗೆ ಜ್ವರ; ನಾನು ಬೇಡವೆಂದರೂ ಕೇಳದೆ ರಗ್ಗು ಹೊದ್ದುಕೊಂಡೇ ಹೋಗಿ, ಷಟರ್ ಎಳೆಯುತ್ತಿದ್ದವನ ಕಾಲ ಸಂದಿಯಿಂದ ಪುಸ್ತಕ ತಳ್ಳಿ ಬಂದಿದ್ದರು. ಅದನ್ನು ಟೆನ್ಷನ್‌ಬೇಡಪ್ಪನಿಗೆ ಹೇಳಿದರು, ಒಂದು ವಿವರವೂ ತಪ್ಪಲಿಲ್ಲ. ಕಾಯುವುದೆಂದು ತೀರ್ಮಾನವಾಯಿತು.

ಹೊರಡುವಾಗ ಅವನು ಒಂದು ಮಾತು ಸೇರಿಸಿದ. ಮನೆ ಇಬ್ಬರ ಹೆಸರಿನಲ್ಲಿದೆ, ಇಬ್ಬರೂ ಖುದ್ದು ಬಂದು ಸಹಿ ಹಾಕಬೇಕು. ತಿಳಿದೇ ಸಹಿ ಹಾಕುತ್ತಿದ್ದಾರೋ ಎಂದು ನೋಡಲು ಅಧಿಕಾರಿ ಒಬ್ಬೊಬ್ಬರನ್ನೂ ನಾಲ್ಕೈದು ಪ್ರಶ್ನೆ ಕೇಳುತ್ತಾರೆ. ಬೇರೆಯವರ ಪರವಾಗಿ ಸಹಿ ನಡೆಯುವುದಿಲ್ಲ.

“ಯಜಮಾನ್ರು ಯಾಕೋ ಸ್ವಲ್ಪ ಮಂಕಾಗಿದ್ದಾರಲ್ಲ?”

“ನಿದ್ದೆ ಸಾಲ್ದು” ಎಂದೆ.

ಮೇ 11

ವೈದ್ಯರ ಭೇಟಿ. ಏನೂ ಹೊಸದಿಲ್ಲ, ಅಂದರೆ ಹಳೆಯದೇ ಇನ್ನಷ್ಟು. ಕೊನೆಗೆ, “ಮನೆ ಮಾತ್ರ ಬದಲಾಯಿಸ್ಬೇಡಿ. ಅವರ ಕೈಕಾಲಿಗೆ ಆ ಮನೆ ಗೊತ್ತು. ತಲೆ ಮರೆತ್ರೂ ಕೈಕಾಲು ಅಷ್ಟು ಬೇಗ ಮರೆಯಲ್ಲ. ಅಲ್ಲಿದ್ರೆ ತುಂಬಾ ದಿನ ಅವರು ಅವರಾಗೇ ಇರ್ತಾರೆ” ಎಂದರು.

ಅದು ನನಗೂ ಕಾಣುತ್ತದೆ. ಕತ್ತಲಲ್ಲೂ ಸ್ವಿಚ್ಚು ಹುಡುಕುತ್ತಾರೆ. ಸೋಫಾದ ಎಡ ಮೂಲೆಯಲ್ಲಿ ಕೂತು ಕೈ ಚಾಚಿದರೆ ರೇಡಿಯೋ ಎಲ್ಲಿದೆಯೆಂದು ನೋಡುವುದೇ ಬೇಡ. ಹಾಗಾಗಿ ಈ ಮನೆ ಉಳಿಯಲೇಬೇಕು. ಇಟ್ಟಿಗೆ ಸಿಮೆಂಟಿನ ಆಸೆಗಲ್ಲ. ಈ ಮನೆ ಹೋದರೆ ಇವರೂ ಹೋದಂತೆ.

ಮೇ 17

ನಾದಿನಿ ಬಂದಿದ್ದಳು. ಇವರ ಒಬ್ಬಳೇ ತಂಗಿ, ಔಷಧದ ಅಂಗಡಿ ಇಟ್ಟುಕೊಂಡು ಚೆನ್ನಾಗಿದ್ದಾಳೆ. ಅಡುಗೆಮನೆಗೆ ಬಂದು ದನಿ ತಗ್ಗಿಸಿ, “ಅತ್ತಿಗೆ, ಆ ದಂಡ ನಾನು ಕಟ್ತೀನಿ. ಈ ವಾರವೇ ಸಹಿ ಹಾಕ್ಸಿಬಿಡಿ. ಅಣ್ಣ ಈಗ ಸರಿಯಾಗಿದಾನೆ. ಸೆಪ್ಟೆಂಬರ್ ಹೊತ್ತಿಗೆ ಹೇಗಿರ್ತಾನೋ ಯಾರಿಗೆ ಗೊತ್ತು?” ಎಂದಳು.

ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಆದರೂ ನನಗೆ ಮೈ ಉರಿಯಿತು. ಅಣ್ಣ ಹಾಳಾಗುತ್ತಾನೆಂದು ಲೆಕ್ಕ ಹಾಕಿಯೇ ಬಂದವಳಂತೆ ಕಂಡಳು. “ನಾಲ್ಕು ತಿಂಗಳಲ್ಲಿ ಏನೂ ಆಗಲ್ಲ. ಸುಮ್ಮನೆ ಬ್ಯಾಂಕಿನವರ ಹೊಟ್ಟೆಗೆ ಯಾಕೆ ಹಾಕೋದು?” ಎಂದೆ.

“ಹಾಕಿದ್ರೆ ನಿಮ್ಮಿಬ್ಬರ ಗಂಟೇನು ಹೋಗುತ್ತೆ? ನನ್ನ ದುಡ್ಡು.”

“ದಂಡ ದಂಡವೇ. ಯಾರ ದುಡ್ಡಾದ್ರೂ.”

ಅವಳು ಮೂಗು ಮುರಿದಳು. ಇವರು ಹಾಲ್‌ನಿಂದ ಕೂಗಿದರು: “ಇಬ್ಬರೂ ಸೇರ್ಕೊಂಡು ನನ್ನ ಮಾರ್ತಿದೀರೇನ್ರೇ?” ಮೂವರೂ ನಕ್ಕೆವು. ಇಷ್ಟು ಚುರುಕಾಗಿರುವ ಮನುಷ್ಯನನ್ನು ಹಿಡಿದುಕೊಂಡು ಇವಳದೊಂದು ಅಪಶಕುನದ ಮಾತು.

ಮೇ 29

ಟೆನ್ಷನ್‌ಬೇಡಪ್ಪನಿಗೆ ಫೋನ್ ಮಾಡಿ ಪ್ರಶ್ನೆ ಯಾವುವೆಂದು ಕೇಳಿಕೊಂಡೆ. ಹೆಸರೇನು. ಯಾತಕ್ಕೆ ಬಂದಿದ್ದೀರಿ. ಪಕ್ಕದಲ್ಲಿರುವವರು ಯಾರು. ಕಾಗದ ಓದಿದ್ದೀರಾ. ಯಾರಾದರೂ ಒತ್ತಾಯ ಮಾಡಿದ್ದಾರಾ. ಇಷ್ಟೇ. ನಾನು ಕೆಲಸ ಮಾಡುವ ಕೃತಕ ಹಲ್ಲಿನ ಲ್ಯಾಬಿನಲ್ಲಿ ಹೊಸಬರಿಗೆ ಕೇಳುವ ಪ್ರಶ್ನೆಗಳೇ ಇದಕ್ಕಿಂತ ಕಷ್ಟ.

ಸಂಜೆ ಆಟದಂತೆ ಶುರು ಮಾಡಿದೆವು. ಮೊದಲು ಇವರೇ ಅಧಿಕಾರಿ. ಕನ್ನಡಕ ಮೂಗಿನ ತುದಿಗೆ ತಂದುಕೊಂಡು, “ಪಕ್ಕದಲ್ಲಿರೋರು ಯಾರಮ್ಮಾ?” ಎಂದರು. “ನಮ್ಮ ಮನೆಯವರು ಸಾರ್” ಎಂದೆ. “ನೋಡಿದ್ರೆ ಲಿಫ್ಟ್ ರಿಪೇರಿಯವನ ಹಾಗಿದ್ದಾರೆ?” “ಹೌದು ಸಾರ್, ಊರಿನ ಅರ್ಧ ಲಿಫ್ಟು ಅವರದೇ ಸಂಸಾರ.” “ಒತ್ತಾಯ ಏನಾದ್ರೂ ಇದೆಯಾ?” “ಇದೆ ಸಾರ್. ಇಪ್ಪತ್ತಾರು ವರ್ಷದಿಂದ ಇದೆ.” ಇವರು ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡರು. ಎಷ್ಟೋ ದಿನದ ಮೇಲೆ ಇಷ್ಟು ನಕ್ಕದ್ದು.

ಆಮೇಲೆ ನಾನು ಅಧಿಕಾರಿ. ನಾಲ್ಕು ಸರಿ. ‘ಯಾತಕ್ಕೆ ಬಂದಿದ್ದೀರಿ’ ಎಂದಾಗ ಮಾತ್ರ ಸ್ವಲ್ಪ ಹೊತ್ತು ನನ್ನ ಮುಖ ನೋಡಿ, “ನೀನು ಕರ್ದೆ, ಬಂದೆ” ಎಂದರು.

ಜೂನ್ 8

ಲ್ಯಾಬಿನಲ್ಲಿ ಕೆಲಸ ರಾಶಿ. ಒಂದೇ ಬಾಯಿಗೆ ಹದಿನಾಲ್ಕು ಹಲ್ಲು, ಅದೂ ಮದುಮಗನ ತಂದೆಗೆ, ಫೋಟೋದಲ್ಲಿ ಚೆನ್ನಾಗಿ ಕಾಣಬೇಕಂತೆ. ಬಣ್ಣ ಹೊಂದಿಸಿ ಹೊಂದಿಸಿ ಕಣ್ಣು ಸೋತಿತು.

ಮನೆಗೆ ಬಂದಾಗ ಇವರು ಬಟ್ಟೆ ಹಾಕಿಕೊಂಡು ಸಿದ್ಧವಾಗಿ ಕೂತಿದ್ದರು. ಗುಡ್ಡದ ಮೇಲಿನ ಗಾಜಿನ ಲಿಫ್ಟಿಗೆ ಹೋಗೋಣ ಎಂದರು. ಇವರು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೂರಿಸಿದ್ದು. ನನ್ನನ್ನು ಮೊದಲು ಕರೆದುಕೊಂಡು ಹೋದದ್ದೂ ಅಲ್ಲಿಗೇ. ಮೇಲೆ ಹೋಗುವಷ್ಟು ಹೊತ್ತೂ ಊರು ತೋರಿಸುವುದು ಬಿಟ್ಟು ಯಂತ್ರದ ವಿವರ ಹೇಳಿದ್ದರು. “ಒಂದ್ಸಲ ಇಬ್ಬರೂ ಹೋಗಿ ಬರೋಣ ಕಣೇ. ನೆನಪಿರೋವಾಗ್ಲೇ.”

ಬಸ್ಸು, ಜನ, ಗದ್ದಲ. ಅಲ್ಲಿಗೆ ಹೋಗಿ ಬಂದ ಮೇಲೆ ಎರಡು ದಿನ ತಲೆ ಕಲಸಿಹೋದರೆ ಅಭ್ಯಾಸವೆಲ್ಲ ನೀರುಪಾಲು. “ಸೆಪ್ಟೆಂಬರ್ ಆಗ್ಲಿ, ಸಹಿ ಮುಗಿಸ್ಕೊಂಡು ಅಲ್ಲಿಂದ ಸೀದಾ ಹೋಗೋಣ” ಎಂದೆ. “ಆಣೆ?” “ಆಣೆ.”

ಜೂನ್ 19

ಕಾಗದ ಪತ್ರ ಕೊಡಲು ಹೊಸ ಬ್ಯಾಂಕಿಗೆ ಹೋದೆವು. ಒಳಗೆ ಕಾಲಿಟ್ಟ ಕೂಡಲೇ ಯಂತ್ರವೊಂದು ಟೋಕನ್ ಚೀಟಿ ಉಗುಳಿತು. ಇವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಕೂತವರು ಹಿಡಿದೇ ಕೂತರು. ಕೌಂಟರಿನವಳು ಏನು ಕೇಳಿದರೂ, “ನಮ್ಮ ನಂಬರ್ ಇನ್ನೂ ಬಂದಿಲ್ಲ” ಎನ್ನುತ್ತಿದ್ದರು. ಅವಳು ನನ್ನ ಕಡೆ ನೋಡಿದಳು. ನಾನು ಹಲ್ಲು ಕಿರಿದೆ. ಅಧಿಕಾರಿ ಇವತ್ತು ರಜೆಯಲ್ಲಿದ್ದರು, ಬಚಾವಾದೆವು.

ಮನೆಯಲ್ಲಿ ಸರಿಯಾಗಿ ಹೇಳುವವರು ಅಲ್ಲಿ ಯಾಕೆ ತಡಬಡಾಯಿಸಿದರು? ಯೋಚಿಸಿ ಯೋಚಿಸಿ ಹೊಳೆಯಿತು. ಮನೆಯಲ್ಲಿ ಇವರು ಸೋಫಾದಲ್ಲಿ ಒರಗಿ ಉತ್ತರ ಹೇಳುತ್ತಾರೆ. ಅಲ್ಲಿ ಮೇಜು, ನೆಟ್ಟಗಿನ ಕುರ್ಚಿ, ಆಚೆ ಕಡೆ ಒಬ್ಬರು. ಅದೇ ಗಾಬರಿ.

ಜೂನ್ 21

ಇಡೀ ಭಾನುವಾರ ಹಾಲ್ ಸರಿ ಮಾಡುವುದರಲ್ಲಿ ಹೋಯಿತು. ಸೋಫಾವನ್ನು ಹಿಂದಿನ ಕೋಣೆಗೆ ತಳ್ಳಿದೆ. ಊಟದ ಮೇಜನ್ನು ಹಾಲ್‌ನ ನಡುವೆ ಅಡ್ಡ ಇಟ್ಟು ಆಚೆ ಒಂದು ಕುರ್ಚಿ, ಈಚೆ ಎರಡು. ಮೇಜಿನ ಮೇಲೆ ಪೆನ್ನಿನ ಡಬ್ಬಿ, ಫೈಲು, ನೀರಿನ ಲೋಟ. ರೇಡಿಯೋ ಗಮನ ಎಳೆಯುತ್ತದೆ, ಅದನ್ನೂ ಒಳಗಿಟ್ಟೆ. ಬೇಕೆಂದೇ ಹಳೆಯ ಚೀಟಿಗಳ ಮೇಲೆ ನಂಬರ್ ಬರೆದು ಬಾಗಿಲ ಬಳಿ ಇಟ್ಟೆ. ಬಾಗಿಲಿನಿಂದ ಬರುವುದು, ಟೋಕನ್ ತೆಗೆದುಕೊಳ್ಳುವುದು, ಕೂರುವುದು, ಕರೆದಾಗ ಮೇಜಿಗೆ ಬರುವುದು.

ಇವರ ಪಕ್ಕದ ಕುರ್ಚಿಯಲ್ಲಿ ನಾನಿರಬೇಕು, ಆದರೆ ನಾನು ಆಚೆ ಕೂತು ಪ್ರಶ್ನೆ ಕೇಳಬೇಕಲ್ಲ. ಅದಕ್ಕೆ ಪಕ್ಕದ ಕುರ್ಚಿಯಲ್ಲಿ ನನ್ನ ಚೀಲ ಇಟ್ಟು, “ಇದು ನಾನು ಅಂದ್ಕೊಳ್ಳಿ” ಎಂದೆ. ಇವರು ಚೀಲ ನೋಡಿ, “ಸ್ವಲ್ಪ ದಪ್ಪ ಆಗಿದೀಯ” ಎಂದರು.

ಮಧ್ಯಾಹ್ನ ರೇಡಿಯೋ ಕೇಳಲು ಎಂದಿನ ಜಾಗಕ್ಕೆ ಹೋಗಿ ಕೂತರು. ಅಲ್ಲಿ ಸೋಫಾ ಎಲ್ಲಿದೆ? ನೆಲಕ್ಕೆ ಕುಕ್ಕರಿಸಿಬಿಟ್ಟರು. ಪೆಟ್ಟಾಗಲಿಲ್ಲ ಸದ್ಯ. ಸಹಿ ಹಾಕುವ ಕೈ ಮೇಲೆ ಬಿದ್ದಿದ್ದರೆ ಏನು ಗತಿ ಎಂದು ಜೀವ ಬಾಯಿಗೆ ಬಂದಿತ್ತು.

ಜೂನ್ 27

ಐದಕ್ಕೆ ನಾಲ್ಕು. ಮೇಜಿನ ಉಪಾಯ ಕೆಲಸ ಮಾಡುತ್ತಿದೆ.

ಜುಲೈ 3

ಐದಕ್ಕೆ ಎರಡು. ಮನಸ್ಸಿಟ್ಟು ಮಾಡುತ್ತಿಲ್ಲ.

ಜುಲೈ 4

ಐದಕ್ಕೆ ಎರಡು. ಬೈದೆ. ಬೈದ ಮೇಲೆ ಮೂರು.

ಜುಲೈ 13

ವೈದ್ಯರ ಭೇಟಿ. ಇಷ್ಟು ಬೇಗ ಇಳಿಯಬಾರದಿತ್ತು ಎಂದರು. “ಮನೇಲಿ ಏನಾದ್ರೂ ಬದಲಾವಣೆ ಮಾಡಿದ್ರಾ?”

“ಏನಿಲ್ಲ” ಎಂದೆ. ಒಂದು ಸೋಫಾ ಸರಿಸಿದ್ದನ್ನೆಲ್ಲ ಹೇಳುತ್ತಾ ಕೂರಲು ಅವರಿಗೆಲ್ಲಿದೆ ಸಮಯ.

ಜುಲೈ 22

ಒಂದು ಸೂಕ್ಷ್ಮ ಕಂಡುಕೊಂಡಿದ್ದೇನೆ. ಅರ್ಥ ಹೇಳಿಕೊಟ್ಟರೆ ಮರೆಯುತ್ತಾರೆ, ಮಾತನ್ನೇ ಹೇಳಿಕೊಟ್ಟರೆ ಮರೆಯುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ, ಊಟಕ್ಕೆ ಮುಂಚೆ, ಮಲಗುವ ಮುಂಚೆ ಒಂದೇ ದನಿಯಲ್ಲಿ ಹೇಳಿಸಬೇಕು. “ಮನೆ ಸಾಲ ಈ ಬ್ಯಾಂಕಿಗೆ ವರ್ಗ ಮಾಡಿಸೋಕೆ ಬಂದಿದೀನಿ. ಇವರು ನನ್ನ ಹೆಂಡತಿ, ಮನೆ ಇಬ್ಬರ ಹೆಸರಲ್ಲೂ ಇದೆ. ಕಾಗದ ಓದಿದೀನಿ, ಅರ್ಥ ಆಗಿದೆ. ಯಾರ ಒತ್ತಾಯವೂ ಇಲ್ಲ.” ಸರಿ ಹೇಳಿದರೆ ಬಿಸ್ಕೆಟ್.

ನಾನು ಆಚೆ ಕುರ್ಚಿಯಲ್ಲಿ ಕೂತಾಗ ‘ಮೇಡಂ’ ಎನ್ನಬೇಕು ಎಂದು ಕಟ್ಟುನಿಟ್ಟು ಮಾಡಿದ್ದೇನೆ. ಮೊದಮೊದಲು ನಗುತ್ತಾ ಅನ್ನುತ್ತಿದ್ದರು. ಈಗ ನಗುವುದಿಲ್ಲ. ಒಳ್ಳೆಯದೇ, ಬ್ಯಾಂಕಿನಲ್ಲಿ ನಕ್ಕರೆ ಚೆನ್ನಾಗಿರುವುದಿಲ್ಲ.

ಜುಲೈ 30

ಇವತ್ತು ಕೆಲಸದಿಂದ ಬಂದಾಗ ಬಚ್ಚಲಮನೆಯಲ್ಲಿ ಚಿಲಕ ಹಾಕಿಕೊಂಡು ಕೂತಿದ್ದರು. ಎಷ್ಟು ಬಡಿದರೂ ತೆಗೆಯಲಿಲ್ಲ. “ಮೇಡಂ ಹೋದ್ರಾ?” ಎಂದು ಒಳಗಿನಿಂದ ಕೇಳಿದರು. “ಹೋದ್ರು, ನಾನೇ ಬಂದಿರೋದು” ಎಂದೆ. ಆಮೇಲೆ ತೆಗೆದರು. ನನ್ನ ತೋಳು ಹಿಡಿದುಕೊಂಡು, ಆ ಹೆಂಗಸು ದಿನಾ ಬರುತ್ತಾಳೆ, ತುಂಬಾ ಬೈಯುತ್ತಾಳೆ ಎಂದು ನನ್ನ ಮುಂದೆಯೇ ದೂರು ಹೇಳಿದರು.

ಒಂದು ಗಳಿಗೆ ಬಿಟ್ಟುಬಿಡಲೇ ಎನಿಸಿತು. ಬಿಟ್ಟರೆ ಈ ಮನೆಯೂ ಇಲ್ಲ, ಇವರೂ ಇಲ್ಲ. ಊಟವಾದ ಮೇಲೆ ಮೇಜಿಗೆ ಕೂರಿಸಿದೆ. ಐದಕ್ಕೆ ಐದು.

ಆಗಸ್ಟ್ 9

ಐದಕ್ಕೆ ಐದು, ಸತತ ಒಂದು ವಾರ. ಲ್ಯಾಬಿನ ಯಜಮಾನರು ನನ್ನ ಮುಖ ನೋಡಿ ಏನು ಲಾಟರಿ ಹೊಡೆಯಿತೇ ಎಂದರು.

ಆಗಸ್ಟ್ 15

ನಾದಿನಿ ಬಂದಳು. ಎರಡು ತಿಂಗಳಿಂದ ಅವಳಿಗೆ ಬರಬೇಡ ಎಂದೇ ಹೇಳಿದ್ದೆ, ಅಭ್ಯಾಸ ಕೆಡುತ್ತದೆ ಎಂದು. ಹೇಳದೆ ಕೇಳದೆ ಬಂದುಬಿಟ್ಟಳು. ಹಾಲ್ ನೋಡಿ ಬಾಗಿಲಲ್ಲೇ ನಿಂತಳು. “ಇದೇನು ಅತ್ತಿಗೆ, ಆಫೀಸು ತೆಗೆದಿದೀರಾ?”

ಇವರು ಮೇಜಿನ ಮುಂದೆ ಕೂತಿದ್ದರು. ಅವಳು ಹಿಂದಿನಿಂದ ಭುಜ ತಬ್ಬಿಕೊಂಡು, “ಅಣ್ಣಾ, ಹೇಗಿದೀಯೋ?” ಎಂದಳು.

ಇವರು ನೆಟ್ಟಗೆ ಕೂತು ಹೆಸರು ಹೇಳಿದರು. ಮನೆ ಸಾಲ ಈ ಬ್ಯಾಂಕಿಗೆ ವರ್ಗ ಮಾಡಿಸೋಕೆ ಬಂದಿದೀನಿ ಎಂದರು. ಪಕ್ಕದ ಕುರ್ಚಿಯ ಮೇಲಿದ್ದ ಚೀಲ ತೋರಿಸಿ ಇವರು ನನ್ನ ಹೆಂಡತಿ ಎಂದರು. ಕಾಗದ ಓದಿದೀನಿ, ಅರ್ಥ ಆಗಿದೆ. ಯಾರ ಒತ್ತಾಯವೂ ಇಲ್ಲ. ಒಂದಕ್ಷರ ತಪ್ಪಲಿಲ್ಲ, ಒಂದು ಕಡೆ ತಡವರಿಸಲಿಲ್ಲ. ಹೊರಗಿನವರ ಮುಂದೆ ಹೀಗೆ ಹೇಳಿದ್ದು ಇದೇ ಮೊದಲು. ನನಗೆ ಹೆಮ್ಮೆಯೆನಿಸಿತು.

ನಾದಿನಿ ಮಾತ್ರ ಅಳುತ್ತಾ ಅಡುಗೆಮನೆಗೆ ಬಂದಳು. “ಏನು ಮಾಡಿದೀರಿ ಅತ್ತಿಗೆ ಅವನಿಗೆ? ಗಿಳಿ ಸಾಕಿದ ಹಾಗೆ ಸಾಕಿದೀರಲ್ಲ! ನಾನ್ಯಾರು ಅಂತ ಕೂಡ ಕೇಳ್ಲಿಲ್ಲ ಅವನು.”

“ಮರೆವಿನ ಕಾಯಿಲೆ ಅಂದ್ರೆ ಹಾಗೇನೇ.”

“ಕಾಯಿಲೆ ಒಂದು ಕಡೆ. ಇದು ಬೇರೆ.” ಕಣ್ಣೊರೆಸಿಕೊಂಡು ಮತ್ತೆ ಹಳೆಯ ರಾಗ ತೆಗೆದಳು. “ಈಗ್ಲೂ ನಾನು ಕಟ್ತೀನಿ. ನಾಳೆನೇ ಸಹಿ ಹಾಕ್ಸಿ. ಆ ಮೇಜು ಕುರ್ಚಿ ಎತ್ತಿಟ್ಟು ಅವನ್ನ ಅವನ ಪಾಡಿಗೆ ಬಿಟ್ಟುಬಿಡಿ. ಕೈ ಮುಗೀತೀನಿ.”

ಮೂರು ತಿಂಗಳು ಹಲ್ಲು ಕಚ್ಚಿ ಕಾದು, ಇನ್ನೇನು ದಡ ಕಾಣುತ್ತಿರುವಾಗ ಈಗ ದಂಡ ಕಟ್ಟಬೇಕಂತೆ! ಆಗಲೇ ಕಟ್ಟಿದ್ದರೆ ಒಂದು ಮಾತು. ಈಗ ಕಟ್ಟಿದರೆ ಇಷ್ಟು ದಿನ ಪಟ್ಟ ಪಾಡಿಗೇನು ಬೆಲೆ? ಹಾಗೇ ಹೇಳಿದೆ. ಅವಳು ಇವರ ತಲೆ ಸವರಿ, ನನ್ನ ಕಡೆ ತಿರುಗಿಯೂ ನೋಡದೆ ಹೋದಳು. ಹೋದರೆ ಹೋಗಲಿ. ಸೆಪ್ಟೆಂಬರ್ ಆಗಲಿ, ಸಮಾಧಾನ ಮಾಡಿದರಾಯಿತು.

ಆಗಸ್ಟ್ 31

ಹಳೆಯ ಬ್ಯಾಂಕಿನ ಗಡುವು ಇವತ್ತಿಗೆ ಮುಗಿಯಿತು. ನಾಡಿದ್ದು ಬಿಟ್ಟು ಆಚೆ ದಿನ ಸಹಿ. ಇವರಿಗೆ ನೆಗಡಿಯಾಗದಂತೆ ಕಿಟಕಿಗಳನ್ನೆಲ್ಲ ಮುಚ್ಚಿದ್ದೇನೆ. ಇವತ್ತು ಮೂರು ಸಲ ಹೇಳಿಸಿದೆ. ಇವರ ಕಣ್ಣು ಎಲ್ಲೋ ಇತ್ತು, ಬಾಯಿ ಮಾತ್ರ ಸರಿಯಾಗಿ ಹೇಳಿತು. ಬಾಯಿ ಸಾಕು.

ಸೆಪ್ಟೆಂಬರ್ 3

ಮುಗಿಯಿತು.

ಬೆಳಿಗ್ಗೆ ಕ್ಷೌರ ಮಾಡಿ, ನೀಲಿ ಶರ್ಟು ಹಾಕಿ, ಟ್ಯಾಕ್ಸಿಯಲ್ಲಿ ಕರೆದುಕೊಂಡು ಹೋದೆ. ಅಧಿಕಾರಿಯ ಕೋಣೆ ಮೂರನೇ ಮಹಡಿಯಲ್ಲಿ. ಲಿಫ್ಟಿನ ಒಳಗೆ ಬಾಗಿಲು ಮುಚ್ಚಿಕೊಂಡಿದ್ದೇ ತಡ, ಇವರು ಅಂಗೈಯನ್ನು ಗೋಡೆಗೆ ಒತ್ತಿ ತಲೆ ವಾಲಿಸಿ ಆಲಿಸತೊಡಗಿದರು. ಮುಖ ಒಮ್ಮೆಲೇ ಮೊದಲಿನ ಹಾಗಾಯಿತು.

“ಕೇಳಿಸ್ತಾ? ಎಡಗಡೆ ರೋಲರ್ ಸವೆದುಹೋಗಿದೆ. ಎಣ್ಣೆ ಬಿಟ್ರೆ ಆಗಲ್ಲ ಇದು, ಬಿಚ್ಚಬೇಕು. ನೀನು ಆವತ್ತು ಗಾಜಿನ ಲಿಫ್ಟಲ್ಲಿ ಹೆದರ್ಕೊಂಡು ನನ್ನ ಬೆಲ್ಟ್ ಹಿಡ್ಕೊಂಡಿದ್ಯಲ್ಲ, ಅದೂ ಹಿಂಗೇ ಸದ್ದು...”

“ಶ್! ಲಿಫ್ಟಿನ ಸುದ್ದಿ ಈಗ್ಬೇಡ” ಎಂದು ಕೈ ಅದುಮಿದೆ. “ಯಾತಕ್ಕೆ ಬಂದಿದ್ದೀರಿ? ಹೇಳಿ.”

ಇವರು ಗೋಡೆಯಿಂದ ಕೈ ತೆಗೆದು, “ಮನೆ ಸಾಲ ಈ ಬ್ಯಾಂಕಿಗೆ ವರ್ಗ ಮಾಡಿಸೋಕೆ ಬಂದಿದೀನಿ” ಎಂದರು. ಸದ್ಯ, ಬಾಗಿಲು ತೆಗೆಯುವಷ್ಟರಲ್ಲಿ ಹಳಿಗೆ ಬಂದರು.

ಅಧಿಕಾರಿ ನನ್ನ ವಯಸ್ಸಿನ ಹೆಂಗಸು, ಶೀತ ಹಿಡಿದು ಮೂಗು ಕೆಂಪಾಗಿತ್ತು. ಮುಂದಿನ ಎರಡು ಹಲ್ಲು ಕಟ್ಟಿಸಿದ್ದು, ಬಣ್ಣ ಹೊಂದಿಲ್ಲ. ಅದನ್ನು ನೋಡುತ್ತಾ ಇದ್ದುದರಿಂದ ನನ್ನ ಎದೆ ಬಡಿತ ಸ್ವಲ್ಪ ತಗ್ಗಿತು. “ನೀವು ಮಾತಾಡ್ಬಾರ್ದು, ಅವರೇ ಹೇಳ್ಬೇಕು” ಎಂದರು. ನಾನು ಪಕ್ಕದ ಕುರ್ಚಿಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತೆ, ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು.

ಐದಕ್ಕೆ ಐದು! ಆ ದನಿ, ಆ ಗತ್ತು! ಅಧಿಕಾರಿ ಬರೆದುಕೊಳ್ಳುತ್ತಾ, ಲೆಕ್ಕದಲ್ಲಿಲ್ಲದ ಒಂದು ಮಾತು ಕೇಳಿಬಿಟ್ಟರು. “ಮನೆ ಚೆನ್ನಾಗಿದೆಯಾ ಸಾರ್? ಗಾಳಿ ಬೆಳಕು ಎಲ್ಲ?”

ಇವರು ಆಕೆಯನ್ನೇ ನೋಡುತ್ತಾ, “ಯಾರ ಒತ್ತಾಯವೂ ಇಲ್ಲ ಮೇಡಂ” ಎಂದರು.

ಆಕೆ ಜೋರಾಗಿ ನಕ್ಕುಬಿಟ್ಟರು. ಹೆಂಡತಿಯನ್ನು ಚುಚ್ಚಿದ ತಮಾಷೆ ಎಂದುಕೊಂಡರು. “ನಮ್ಮ ಯಜಮಾನ್ರೂ ಹೀಗೇ ನೋಡಿ” ಎಂದು ಮೂಗೊರೆಸಿಕೊಂಡರು. ನಾನೂ ನಕ್ಕೆ. ಇವರು ಸಹಿ ಹಾಕಿದರು, ಕೊನೆಯ ಸುರುಳಿ ಸಮೇತ. ದಂಡ ಸೊನ್ನೆ. ಇನ್ನು ಐದು ವರ್ಷ ಬಡ್ಡಿ ಏರುವುದಿಲ್ಲ, ಐದು ವರ್ಷ ನಾವೂ ಬಿಟ್ಟು ಹೋಗುವಂತಿಲ್ಲ. ಬಿಟ್ಟರೆ ಮತ್ತೆ ದಂಡ.

ಗಾಜಿನ ಲಿಫ್ಟಿಗೆ ಹೋಗಲಿಲ್ಲ. ಇಬ್ಬರಿಗೂ ಸುಸ್ತಾಗಿತ್ತು.

ಸೆಪ್ಟೆಂಬರ್ 4

ಎದ್ದು ಬರುವಷ್ಟರಲ್ಲಿ ಇವರು ನೀಲಿ ಶರ್ಟು ಹಾಕಿಕೊಂಡು ಮೇಜಿನ ಮುಂದೆ ಕೂತಿದ್ದರು. ಗುಂಡಿ ಒಂದು ಮೇಲೆ ಕೆಳಗೆ. ನನ್ನನ್ನು ಕಂಡು ಎದ್ದು ನಿಂತು ಹೆಸರು ಹೇಳಿದರು.

“ಮುಗೀತು ರೀ. ಇನ್ನು ಅದೆಲ್ಲ ಬೇಡ. ನಿನ್ನೆ ಮುಗೀತು.”

ಕೇಳಿಸಿಕೊಂಡಂತೆ ಕಾಣಲಿಲ್ಲ. ಕೊನೆಯತನಕ ಹೇಳಿ, ಪಕ್ಕದ ಕುರ್ಚಿ ನೋಡಿದರು. ಚೀಲ ಇರಲಿಲ್ಲ. “ಮೇಡಂ, ನಮ್ಮ ಮನೆಯವಳು ಎಲ್ಲಿ? ಸರಿಯಾಗಿ ಹೇಳಿದ್ರೆ ಲಿಫ್ಟಿಗೆ ಕರ್ಕೊಂಡು ಹೋಗ್ತೀನಿ ಅಂದಿದ್ಲು.”

“ನಾನೇ ಕಣ್ರೀ” ಎಂದೆ.

“ಸರಿ ಮೇಡಂ” ಎಂದರು.

ಸೆಪ್ಟೆಂಬರ್ 6

ಮೇಜನ್ನು ಅಡುಗೆಮನೆಗೆ ಸಾಗಿಸಿ ಸೋಫಾವನ್ನು ಹಾಲ್‌ಗೆ ತಂದೆ. ರೇಡಿಯೋ ಎಡ ಮೂಲೆಗೆ, ಮೊದಲಿದ್ದ ಜಾಗಕ್ಕೇ, ಒಂದಿಂಚೂ ಆಚೀಚೆ ಇಲ್ಲ. ಇವರನ್ನು ಕೂರಿಸಿದೆ. ಅಂಚಿನಲ್ಲಿ ಕೂತರು, ಬೆನ್ನು ಒರಗಿಸಲಿಲ್ಲ. ರೇಡಿಯೋ ಹಾಕಿದೆ. ಯಾರಾದರೂ ಬೈದಾರು ಎಂಬಂತೆ ಸುತ್ತ ನೋಡಿದರು.

ಸೆಪ್ಟೆಂಬರ್ 13

ಗಾಜಿನ ಲಿಫ್ಟಿಗೆ ಕರೆದುಕೊಂಡು ಹೋಗಿದ್ದೆ. ಬಾಗಿಲು ತೆರೆಯಿತು. ಹಿಂದೆ ಸರಿದು ಕಂಬಿ ಹಿಡಿದುಕೊಂಡರು. ಎಷ್ಟು ಕರೆದರೂ ಒಳಗೆ ಬರಲಿಲ್ಲ. ಬಸ್ಸಿನಲ್ಲಿ ಬರುವಾಗ ನಾನೇ ಇವರ ಬೆಲ್ಟು ಹಿಡಿದುಕೊಂಡು ಕೂತಿದ್ದೆ.

ಸೆಪ್ಟೆಂಬರ್ 21

ನಾದಿನಿಗೆ ಫೋನ್ ಮಾಡಿದೆ. ಎತ್ತಲಿಲ್ಲ.

ಅಕ್ಟೋಬರ್ 10

ಇವರು ನನ್ನನ್ನು ಹೆಂಡತಿ ಎನ್ನುವುದು ಈಗ ಒಂದೇ ಕಡೆ, ಮೂರನೇ ಉತ್ತರದಲ್ಲಿ. ಅದನ್ನು ಕೇಳಬೇಕೆನಿಸಿದಾಗ ಎದುರಿಗೆ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಇವತ್ತೂ ಕೂತೆ. ನಾಚಿಕೆಯಾಗುತ್ತದೆ, ಆದರೂ ಕೂತೆ.

“ಪಕ್ಕದಲ್ಲಿರುವವರು ಯಾರು?”

ಸೋಫಾದ ಖಾಲಿ ಜಾಗದ ಕಡೆ ತಿರುಗಿ, “ಇವರು ನನ್ನ ಹೆಂಡತಿ” ಎಂದರು. ಎಷ್ಟು ಪ್ರೀತಿಯಿಂದ ಅಂದರು! ಓಡಿ ಹೋಗಿ ಆ ಖಾಲಿ ಜಾಗದಲ್ಲಿ ಕೂತೆ. ಕೂತ ಮೇಲೆ ಇವರು ನನ್ನನ್ನು ನೋಡಲೇ ಇಲ್ಲ. ಎದುರಿನ ಖಾಲಿ ಕುರ್ಚಿಯನ್ನೇ ನೋಡುತ್ತಾ ಮುಂದಿನ ಪ್ರಶ್ನೆಗೆ ಕಾದರು. ಅಲ್ಲಿ ಕೇಳುವವರು ಇಲ್ಲದಿದ್ದರೆ ಇಲ್ಲಿ ನಾನಿಲ್ಲ. ಎರಡೂ ಕಡೆ ಒಬ್ಬಳೇ ಕೂರುವುದು ಹೇಗೆ? ಎದ್ದು ಮತ್ತೆ ಎದುರಿಗೆ ಬಂದೆ.

ಕಾಗದ ಓದಿದ್ದೀರಾ ಎಂದೆ. ಓದಿದೀನಿ, ಅರ್ಥ ಆಗಿದೆ ಎಂದರು. ಕೊನೆಯದನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಇಷ್ಟಕ್ಕೇ ಸಾಕು, ಏಳಿ ಎಂದೆ. ಇವರು ಏಳಲಿಲ್ಲ. ಕೈ ತೊಡೆಯ ಮೇಲಿಟ್ಟುಕೊಂಡು ಕಾದರು. ಟೀ ಮಾಡಿಕೊಂಡು ಬಂದೆ, ಮುಟ್ಟಲಿಲ್ಲ. ಬೇರೆ ದಾರಿ ಕಾಣದೆ ಕೇಳಿದೆ.

“ಯಾರ ಒತ್ತಾಯವೂ ಇಲ್ಲ ಮೇಡಂ” ಎಂದು ನಿರಾಳವಾಗಿ ಉಸಿರು ಬಿಟ್ಟರು. ಆಮೇಲೆ, “ಇನ್ನು ಮನೆಗೆ ಹೋಗ್ಬಹುದಾ?” ಎಂದರು.

ಹೋಗಬಹುದು ಎಂದೆ. ಎದ್ದು ಬಾಗಿಲ ಬಳಿ ಹೋಗಿ, ಬಗ್ಗಿ ಶೂ ಹಾಕಿಕೊಳ್ಳತೊಡಗಿದರು. ಎಡದ್ದು ಬಲಕ್ಕೆ. “ಬೇಗ ಹೋಗ್ಬೇಕು ಮೇಡಂ. ಅವಳು ಒಬ್ಬಳೇ ಕಾಯ್ತಿರ್ತಾಳೆ. ತಡ ಆದ್ರೆ ಬೈತಾಳೆ.”

“ಬೈಯಲ್ಲ” ಎಂದೆ.

ಇವರು ನಂಬಲಿಲ್ಲ.